ಎರಡು ಆವೇಶಗಳ ನಡುವೆ ಪವಿತ್ರಾ

ಎರಡು ಸಮ ಧನ ಆವೇಶಗಳ ನಟ್ಟನಡುವೆ ವಿದ್ಯುತ್ ಕ್ಷೇತ್ರ ಎಷ್ಟು, ಕಾರಣ ಕೊಡಿ ಎಂದು ಫಿಸಿಕ್ಸ್ ಟೆಸ್ಟಿನಲ್ಲಿ ಕೇಳಿದ್ದೆ. ಪವಿತ್ರಾ ಸೊನ್ನೆ ಎಂದು ಸರಿಯಾಗಿಯೇ ಬರೆದಿದ್ದಳು. ಕಾರಣ ಮಾತ್ರ ಹೀಗಿತ್ತು: ‘ಅಲ್ಲಿಗೆ ಎರಡರ ಪ್ರಭಾವವೂ ತಲುಪುವುದಿಲ್ಲ.’

ನನಗೆ ಪಿತ್ತ ನೆತ್ತಿಗೇರಿತು. ಎರಡರ ಪ್ರಭಾವವೂ ಸಮವಾಗಿ, ಎದುರುಬದುರಾಗಿ ಬಂದು ರದ್ದಾಗುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಬಿಡಿಸಿ ಬಿಡಿಸಿ ನನ್ನ ಕೈ ಸೋತಿದ್ದು ಇದಕ್ಕಾ? ಶನಿವಾರ ಕ್ಲಾಸು ಮುಗಿದು ಕಳಸದ ಬಸ್ಸುಗಳೆಲ್ಲ ಹೊರಟ ಮೇಲೂ ಹುಡುಗಿ ಕಾಲೇಜಿನ ಜಗಲಿಯಲ್ಲೇ ಕೂತಿದ್ದಳು. ಸಿಕ್ಕಿದಳಲ್ಲ ಎಂದು ಹೋದೆ.

“ಊರಿಗೆ ಹೋಗಲ್ವೇನೇ?”

“ಇಲ್ಲ ಮಿಸ್. ಹಾಸ್ಟೆಲಲ್ಲೇ ಇರ್ತೀನಿ.”

ಗದರಿದ ಮೇಲೆ ಬಾಯಿಬಿಟ್ಟಳು. ಅಮ್ಮ ಮುತ್ತಮ್ಮ ಬಾಳೂರಿನ ಎಸ್ಟೇಟಿನಲ್ಲಿ ಕಾಫಿ ಕುಯ್ಯುತ್ತಾಳೆ. ಅಪ್ಪ ಲಿಂಗಪ್ಪ ವಸ್ತಾರೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮೆಷಿನ್ ನೋಡಿಕೊಳ್ಳುತ್ತಾನೆ. ಜಗಳವಾಡಿ ಬೇರೆಯಾದ ಮೇಲೆ ಇಬ್ಬರಿಗೂ ಮಾತಿಲ್ಲ.

“ಒಬ್ರ ಹತ್ರ ಹೋದ್ರೆ ಇನ್ನೊಬ್ರಿಗೆ ಬೇಜಾರು. ಅದಕ್ಕೆ ಅಮ್ಮಂಗೆ ಅಪ್ಪನ ಹತ್ರ ಹೋಗ್ತೀನಿ ಅಂತೀನಿ, ಅಪ್ಪಂಗೆ ಅಮ್ಮನ ಹತ್ರ ಅಂತೀನಿ. ಇಬ್ರೂ ಸರಿ ಅಂತಾರೆ, ಅಷ್ಟೇ. ಯಾರೂ ಬಾ ಅನ್ನಲ್ಲ ಮಿಸ್. ನಾನಿಲ್ದಿದ್ರೂ ಅವ್ರಿಗೆ ನಡಿಯುತ್ತೆ.”

ನನ್ನ ಕೋಪ ಎಲ್ಲಿ ಹೋಯಿತೋ. ಸಂಕಟವಾಯಿತು. ಆದರೂ ಮೇಷ್ಟ್ರ ಬುದ್ಧಿ ಬಿಡುತ್ತದೆಯೇ? ಅಟೆಂಡರ್ ದೇವೇಂದ್ರನನ್ನು ಕರೆದು, ಸ್ಟೂಲಿಗೆ ಎರಡೂ ಕಡೆ ಹಗ್ಗ ಕಟ್ಟಿಸಿದೆ. ಆ ಕಡೆ ಅವನು, ಈ ಕಡೆ ನಾನು ಎಳೆದೆವು. ಸ್ಟೂಲು ಅಲ್ಲಾಡಲಿಲ್ಲ.

“ಯಾರೂ ಎಳೀತಿಲ್ವೇನೇ?” ಎಂದೆ.

“ನನ್ನ ಕೈ ಉರೀತಿದೆ ಮಾರಾಯ್ತಿ, ಬೇಗ ಹೇಳು,” ಎಂದ ದೇವೇಂದ್ರ.

ಪವಿತ್ರಾ ಹಗ್ಗ ಮುಟ್ಟಿ ನೋಡಿದಳು. ಬಿಗಿಯಾಗಿತ್ತು. ಅವಳ ಕಣ್ಣು ತುಂಬಿತು.

ಮನೆಗೆ ಹೋದವಳೇ ಇಬ್ಬರಿಗೂ ಫೋನು ಹಚ್ಚಿದೆ. “ನಿಮ್ಮ ಮಗಳು ಎಲ್ಲಿದ್ದಾಳೆ?” ಎಂದರೆ, ಮುತ್ತಮ್ಮ “ಅವ್ರಪ್ಪನ ಹತ್ರ ಮೇಡಮ್ಮೋರೆ. ಅವ್ಳಿಗೆ ಅಪ್ಪನೇ ಹೆಚ್ಚು” ಎಂದಳು. ಲಿಂಗಪ್ಪ “ಅವ್ರಮ್ಮನ ಹತ್ರ ಇದ್ದಾಳಲ್ಲ? ಅಲ್ಲೇ ಖುಷಿ ಅವ್ಳಿಗೆ. ನಾನ್ಯಾಕೆ ಬಾ ಅಂತ ಪೀಡಿಸ್ಲಿ?” ಎಂದ. ಮಗಳು ಹಾಸ್ಟೆಲಲ್ಲೇ ಇದ್ದಾಳೆ ಎಂದು ಇಬ್ಬರಿಗೂ ಚೆನ್ನಾಗಿ ಬೈದು, ಶನಿವಾರ ಬಸ್ ಸ್ಟ್ಯಾಂಡಿಗೆ ಬರಲು ಹೇಳಿದೆ.

ಮುಂದಿನ ಶನಿವಾರ ಪವಿತ್ರಾಳನ್ನು ನಾನೇ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ರಸ್ತೆಯ ಈ ಕಡೆ ಬಾಳೂರಿನ ಜೀಪಿನಿಂದ ಮುತ್ತಮ್ಮ ಇಳಿದಳು, ಕೈಯಲ್ಲಿ ಕಡುಬಿನ ಡಬ್ಬಿ. ಆ ಕಡೆ ಲಿಂಗಪ್ಪ, ಕಿತ್ತಳೆಯ ಚೀಲ ಹಿಡಿದು. ಇಬ್ಬರೂ ಒಟ್ಟಿಗೇ ಕೂಗಿದರು, “ಬಾ ಮಗಾ.” ಹುಡುಗಿ ಎತ್ತ ಹೋದರೂ ಒಬ್ಬರ ಮುಖ ಬಾಡುತ್ತದಲ್ಲ ಎಂದುಕೊಂಡೆ.

ಪವಿತ್ರಾ ರಸ್ತೆಯ ನಡುವೆ ಬ್ಯಾಗು ಇಟ್ಟು ನಿಂತುಬಿಟ್ಟಳು.

“ನಾನು ಎಲ್ಲಿಗೂ ಬರಲ್ಲ. ನೀವೇ ಬನ್ನಿ, ಇಬ್ರೂ.”

ಜೀಪಿನವನು ಹಾರನ್ ಹೊಡೆದ. ಲಿಂಗಪ್ಪ ಮೊದಲು ಹೆಜ್ಜೆ ಇಟ್ಟ. ಮುತ್ತಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಬಂದಳು. ಮಗಳ ಬ್ಯಾಗು ಎತ್ತಲು ಇಬ್ಬರೂ ಬಗ್ಗಿದರು, ಆಳಿಗೊಂದು ಹಿಡಿಕೆ ಸಿಕ್ಕಿತು. ಒಬ್ಬರನ್ನೊಬ್ಬರು ನೋಡಿ, ನಾಚಿ, ಇಬ್ಬರೂ ಕೈ ಸಡಿಲಿಸಿದರು.

“ಬಿಡ್ಬೇಡಿ,” ಎಂದಳು ಪವಿತ್ರಾ, ಅಳುತ್ತಾ ನಗುತ್ತಾ. “ಇಬ್ರೂ ಹಿಡ್ಕೊಂಡೇ ಇರಿ.”