ಇಪ್ಪತ್ತೆರಡು ಮೈಲಿಯ ರೈಲು ಯಾರಿಗೆ

ನೆಬ್ರಾಸ್ಕಾದ ಆ ಮೂಲೆಯಲ್ಲಿ ಆ ಸೆಪ್ಟೆಂಬರಿನಲ್ಲಿ ಎದ್ದ ಪ್ರಶ್ನೆಗಳಲ್ಲೆಲ್ಲ ಅತಿ ಗಹನವಾದದ್ದು ಇದು: ಹಾಗ್ಲುಂಡ್ ಅಣ್ಣತಮ್ಮಂದಿರು ಒಂದೇ ಪಿಕಪ್ಪಿನಲ್ಲಿ ಕೂತು ಸಭೆಗೆ ಬರಬಹುದೋ, ಬಾರದೋ?

ಊರಿನದೇ ಆದ ಇಪ್ಪತ್ತೆರಡು ಮೈಲಿ ರೈಲುದಾರಿಗೆ ಮೂವರ ಮಂಡಳಿ: ಈ ಅಣ್ಣತಮ್ಮಂದಿರು ಮತ್ತು ಅಧ್ಯಕ್ಷೆ. ಅದರಲ್ಲಿ ಇಬ್ಬರು ಸೇರಿ ರೈಲಿನ ಮಾತಾಡಿದರೆ ಕಾನೂನಿನ ಪ್ರಕಾರ ಅದೇ ಸಭೆ. ಸಭೆಯೆಂದರೆ ಜನರೆದುರೇ ನಡೆಯಬೇಕು. ಅಧ್ಯಕ್ಷೆ ಲವಾನ್ ಪೆಟರ್ಕಾ ಅಣ್ಣತಮ್ಮಂದಿರಿಬ್ಬರಿಗೂ ಐದನೇ ಕ್ಲಾಸಿನಲ್ಲಿ ಪಾಠ ಹೇಳಿದವಳು. "ಮನೇಲಿ ರೈಲಿನ ಸುದ್ದಿ ಬಂದ್ರೆ ತುಟಿ ಪಿಟಕ್ ಅನ್ಬಾರ್ದು. ಗಾಡೀನೂ ಬೇರೆ ಬೇರೆ," ಎಂದು ತೀರ್ಪು ಕೊಟ್ಟಳು. ಒಂದೇ ಹೊಲ, ಒಂದೇ ಊಟದ ಮೇಜಿನ ಮರ್ಲ್ ಮತ್ತು ಒರ್ವಿಲ್ ಆರು ವಾರ ಬಾಯಿ ಹೊಲಿದುಕೊಂಡಿದ್ದು, ಒಬ್ಬನೆಬ್ಬಿಸಿದ ಧೂಳನ್ನು ಇನ್ನೊಬ್ಬ ಕುಡಿಯುತ್ತ ಬಂದಿಳಿದರು.

ಚಡಪಡಿಸುತ್ತಿದ್ದವಳು ಧಾನ್ಯದ ಗೋದಾಮಿನ ಮ್ಯಾನೇಜರು ವರ್ನಾ ಡೀಟ್ಜ್. ರೈಲು ಓಡಿಸುತ್ತಿದ್ದ ಹಳೆಯ ಗುತ್ತಿಗೆದಾರ ಕೈ ತೊಳೆದುಕೊಂಡಿದ್ದ. ಮೂರು ವಾರದಲ್ಲಿ ಮೆಕ್ಕೆಜೋಳ ಬಂದು ಬೀಳುತ್ತದೆ. ರೈಲಿಲ್ಲದಿದ್ದರೆ ಬಯಲಲ್ಲೇ ಮುಗ್ಗುತ್ತದೆ, ಗೋದಾಮಿಗೆ ಬೀಗ ಬೀಳುತ್ತದೆ. ಅವಳಿಗೆ ಮತವಿರಲಿಲ್ಲ.

ರೈಲು ಓಡಿಸಲು ಬಂದ ಅರ್ಜಿ ಎರಡು. ಶಿಕಾಗೋ ಕಂಪನಿ ವಾರಕ್ಕೆ ಮೂರು ರೈಲನ್ನು ಪರದೆಯ ಮೇಲೆ ಬಣ್ಣಬಣ್ಣವಾಗಿ ಓಡಿಸಿ ತೋರಿಸಿತ್ತು. ಒಂದೇ ಇಂಜಿನ್ನಿನ ಒಡೆಯ ಲೋವೆಲ್ ಟ್ರಾಸ್ಕ್ ಇಪ್ಪತ್ತೆರಡು ಮೈಲಿಯನ್ನೂ ನಡೆದು, ಹಳಿಯಿಂದ ಬರಿಗೈಯಲ್ಲೇ ಕಿತ್ತುಬಂದ ಮೊಳೆಗಳನ್ನು ಬಕೆಟ್ಟಿನಲ್ಲಿ ತಂದು ಮೇಜಿನ ಮೇಲೆ ಸುರಿದಿದ್ದ. "ಮೊದಲು, ಜೋಳ ಬರೋದ್ರೊಳಗೆ ಇದನ್ನ ಸರಿ ಮಾಡ್ತೀನಿ. ಆಮೇಲೆ ವಾರಕ್ಕೆ ಒಂದೇ ರೈಲು. ಆದ್ರೆ ಅದು ಬರತ್ತೆ," ಅಂದಿದ್ದ.

ಮತದಾನಕ್ಕೆ ಮುಂಚೆ ಕಾಫಿ ಪಾತ್ರೆಯ ಹತ್ತಿರ ವರ್ನಾ ಮರ್ಲನನ್ನು ಅಡ್ಡಗಟ್ಟಿದಳು. "ಯಾರಿಗೋ ನಿನ್ನ ಮತ?"

"ನಂಗೇನೋ ಟ್ರಾಸ್ಕೇ ವಾಸಿ ಅನ್ಸತ್ತೆ. ಆದ್ರೆ ನಮ್ಮ ತಮ್ಮ ಆ ಪರದೆ ಮುಂದೆ ಬಾಯಿ ಬಿಟ್ಕೊಂಡು ಕೂತಿದ್ದ ಕಣೆ. ಅವನ ವಿರುದ್ಧ ಮತ ಹಾಕಿ ರಾತ್ರಿ ಅವನ ಎದುರಿಗೇ ಕೂತು ಉಣ್ಣಬೇಕಲ್ಲ!"

ವರ್ನಾ ಒರ್ವಿಲನ ಕಡೆ ಓಡಿದಳು. ಲವಾನ್ ಮಧ್ಯೆ ಬಂದು ನಿಂತಳು.

"ಒಬ್ಬರ ಮಾತು ಇನ್ನೊಬ್ಬರಿಗೆ ಒಯ್ದರೆ ಅದೂ ಸಭೇನೇ, ವರ್ನಾ."

"ಹಾಗಾದ್ರೆ ಎಲ್ಲರೆದುರೇ ಹೇಳ್ತೀನಿ, ಟೀಚರ್!"

"ಸಭಿಕರಿಗೆ ಮಾತಾಡೋಕೆ ಮೂರೇ ನಿಮಿಷ. ನಿನ್ನದು ಆಗ್ಲೇ ಜೋಳದ ಪುರಾಣಕ್ಕೆ ಮುಗೀತು. ಕೂತ್ಕೋ."

ವರ್ನಾ ಕೂತಳು, ಎದ್ದಳು, ಮತ್ತೆ ಕೂತಳು. ಮತದಾನದಲ್ಲಿ ಲವಾನ್ ತನ್ನ ಮತ ಟ್ರಾಸ್ಕಿಗೆ ಅಂದಳು. ಮರ್ಲ್ ನೆಲ ನೋಡುತ್ತ ಶಿಕಾಗೋ ಅಂದ. ಒರ್ವಿಲ್, ಮನೆಯ ಟ್ರಾಕ್ಟರೇ ಮಾತಾಡಿತೇನೋ ಎಂಬಂತೆ ಅಣ್ಣನನ್ನು ನೋಡಿ, ತಡವರಿಸಿ, ತಾನೂ ಶಿಕಾಗೋ ಅಂದ. ಅಲ್ಲೇ ಸಹಿಗಳೂ ಬಿದ್ದವು.

ಅಂಗಳದಲ್ಲಿ ಒರ್ವಿಲ್ ಸಿಡಿದ. "ನಿಂಗೇನಾಗಿತ್ತು ಅಣ್ಣ? ಆ ಮೊಳೆ ನೋಡಿದ ಮೇಲೂ ಶಿಕಾಗೋನಾ?"

"ನೀನೇ ತಾನೇ ಬಾಯಿ ಬಿಟ್ಕೊಂಡು ನೋಡ್ತಿದ್ದೆ?"

"ಆಕಳಿಸ್ತಿದ್ದೆ ಕಣೋ! ನೀನು ಹೇಳಿದ್ಮೇಲೆ ನಾನು ಬೇರೆ ಹೇಳಕ್ಕಾಗತ್ತಾ?"

ವರ್ನಾ ಇಬ್ಬರನ್ನೂ ನೋಡಿದಳು. "ಇಷ್ಟು ಮಾತು ಒಳಗೆ ಆಡಿದ್ರೆ ನಿಮ್ಮ ಗಂಟೇನು ಹೋಗ್ತಿತ್ರೋ?"

ಹಳಿಯ ರಿಪೇರಿ ಮುಗಿದು ಶಿಕಾಗೋ ಕಂಪನಿಯ ಮೊದಲ ರೈಲು ಜನವರಿಯಲ್ಲಿ ಬಂತು. ಗೋದಾಮು ನವೆಂಬರಿನಲ್ಲೇ ಮುಚ್ಚಿತ್ತು.