ಒಣಗಲು ಕಟ್ಟಿದ ಕೆಂಪು ಬಾವುಟ

ಅಲಸಂದೆಯೊಳಗೆ ಒಂದು ಕಲ್ಲು, ಇನ್ನೊಂದು, ಎರ್ಮಿಂಡಾ ಮೊರದ ಮೇಲೆ ಬಾಗಿ ಆರಿಸುತ್ತಾಳೆ, ಬೆರಳಿಗೆ ಕಾಳು ತಣ್ಣಗೆ ತಾಗುತ್ತದೆ, ಬುಜಿ ನದಿಯೂ ಹೀಗೇ ತಣ್ಣಗೆ, ಬೆಳಗಾಗುವಷ್ಟರಲ್ಲಿ ಬಯಲನ್ನೆಲ್ಲ ಮುಚ್ಚಿ ಶಾಲೆಯ ದಿಬ್ಬದ ಬುಡಕ್ಕೆ ಬಂದು ಮಲಗಿದೆ, ತೆಂಗಿನ ಮರಗಳು ಸೊಂಟದವರೆಗೆ ನೀರಲ್ಲಿ ನಿಂತು ತೂಕಡಿಸುತ್ತಿವೆ, ಒಂದು ಕೋಳಿಗೂಡು ಕೋಳಿಗಳ ಸಮೇತ ಪ್ರಯಾಣ ಹೊರಟಿದೆ — ಊರಿನ ಪ್ರವಾಹ ಸಮಿತಿಯಲ್ಲಿ ಅವಳದು ಬಾವುಟದ ಕೆಲಸ, ಐದನೇ ತರಗತಿಗೇ ಶಾಲೆ ಬಿಟ್ಟವಳು, ನಾಲ್ಕು ಜನರೆದುರು ಬಾಯಿ ಬಾರದವಳು, ಸಮಿತಿಯ ಹಿರಿಯರಾದ ಮುಚಾಂಗಾ ನಗುತ್ತ ಹೇಳಿದ್ದರು, ಮೈಕಲ್ಲಿ ಕೂಗೋದು ನಂಗಿರ್ಲಿ ಮಗಳೇ, ನೀನು ಬಟ್ಟೆ ಏರಿಸು, ಬಟ್ಟೆಗೇನು ನಾಚಿಕೆ — ಕೆಂಪು ಏರಿತೆಂದರೆ ಎಲ್ಲ ಬಿಟ್ಟು ದಿಬ್ಬಕ್ಕೆ ಓಡಬೇಕು, ಹೋದ ವಾರ ಅದಕ್ಕೆ ಧೂಳು ಹಿಡಿದಿತ್ತು, ಒಗೆದಳು, ಬೇಗ ಒಣಗಲೆಂದು ದಿಬ್ಬದ ಮೇಲಿನ ಬಾವುಟದ ಕಂಬಕ್ಕೇ ಕಟ್ಟಿದಳು, ಬಿಸಿಲಲ್ಲಿ ಎಷ್ಟು ಚೆಂದ ಹಾರುತ್ತಿತ್ತು, ಅಷ್ಟರಲ್ಲಿ ಮುದುಕರು, ಮಡಕೆ ಹೊತ್ತ ಹೆಂಗಸರು, ಏದುಸಿರು, ಮಳೆ ಎಲ್ಲೇ ತಾಯಿ, ನೀನು ಬಟ್ಟೆ ಒಗೆದಾಗೆಲ್ಲ ನಾವು ಮೇಕೆ ಹೊತ್ಕೊಂಡು ಬರ್ಬೇಕಾ, ಎಲ್ಲರಿಗಿಂತ ಜೋರಾಗಿ ನಕ್ಕವಳು ದೆಲ್ಫೀನಾ ಅತ್ತೆ, ತಾಯಿ ಸತ್ತ ಮೇಲೆ ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು, ಆ ಬೆನ್ನಿಗೆ ಹೊಗೆಯ ವಾಸನೆ, ಒದ್ದೆ ಭತ್ತದ ವಾಸನೆ — ನಿನ್ನೆ ಮಧ್ಯಾಹ್ನ ಮೇಲಿನ ಊರಿಂದ ನೀರು ಬರುವ ಸುದ್ದಿ ಬಂತು, ಮುಚಾಂಗಾ ಮೈಕು ಹಿಡಿದು ಕೆಳಗಿನ ಕೇರಿಗೆ ಹೋದರು, ಈ ಸಲ ನಿಜವಾಗಿಯೇ ಕೆಂಪು ಏರಿಸಿದಳು, ದಿಬ್ಬದ ಕೆಳಗೆ ಸಣ್ಣ ತೊರೆಯಾಚೆ ಗದ್ದೆಯಲ್ಲಿ ಬಗ್ಗಿದ್ದ ಅತ್ತೆ ನೆಟ್ಟಗಾದಳು, ಗಾಳಿಯಲ್ಲಿ ತೇಲಿ ಬಂದ ಮಾತು, ಮತ್ತೆ ಒಗೆದ್ಯೇನೇ ಹುಡುಗಿ, ಚೆನ್ನಾಗಿ ಹಿಂಡಿದ್ಯಾ, ಆಗ ಕೂಗಬೇಕಿತ್ತು, ಬಾ ಎಂದು ಒಂದೇ ಸಲ, ಸುತ್ತ ಜನ, ಬಾ ಎನ್ನುವಂತೆ ಬರೀ ಕೈ ಬೀಸಿದಳು, ಅತ್ತೆಯೂ ಕೈ ಎತ್ತಿ ಬೀಸಿದಳು, ಸುಮ್ಮನೆ, ಸಂತೋಷಕ್ಕೆ, ಮತ್ತೆ ಪೈರಿಗೆ ಬಗ್ಗಿದಳು — ಈಗ ಮುಚಾಂಗಾ ಶಾಲೆಯ ಜಗಲಿಯಲ್ಲಿ ನಿಂತು ಪುಸ್ತಕ ನೋಡಿ ಹೆಸರು ಕರೆಯುತ್ತಿದ್ದಾರೆ, ಇದ್ದೀನಿ, ಇದ್ದೀನಿ, ಇಲ್ಲೇ ಸಾಯ್ತಿದ್ದೀನಿ ಹಸಿವಿಂದ, ಯಾರೋ ನಗುತ್ತಾರೆ, ದೆಲ್ಫೀನಾ, ನಗು ನಿಲ್ಲುತ್ತದೆ, ದೆಲ್ಫೀನಾ, ಇರುವುದೊಂದೇ ದೋಣಿ, ಅಂಬಿಗರಿಬ್ಬರು ಅದನ್ನು ಮಾವಿನ ಮರಕ್ಕೆ ಕಟ್ಟಿ ಕೂತಿದ್ದಾರೆ, ಸೆಳೆತ ನೋಡು, ನಮ್ಮನ್ನೂ ಎಳ್ಕೊಂಡು ಹೋಗತ್ತೆ, ಗದ್ದೆಯಿದ್ದ ಕಡೆ ಕಂದು ನೀರು, ಬರೀ ಹೊಳಪು, ಅಲ್ಲಿ ನಿನ್ನೆಯ ಆ ಕೈ, ಮೇಲೆತ್ತಿದ ಆ ಕೈ, ಮೊರ ಕೆಳಗಿಟ್ಟು ಎರ್ಮಿಂಡಾ ಎದ್ದು ನಿಲ್ಲುತ್ತಾಳೆ, ದಿಬ್ಬಕ್ಕೆಲ್ಲ ಕೇಳುವಷ್ಟು ಗಟ್ಟಿಯಾಗಿ, ದೋಣಿ ಬಿಡಿ ಅಣ್ಣಾ, ಅಂಬಿಗರು ನೆಲ ನೋಡುತ್ತಾರೆ, ಮುಚಾಂಗಾ ಪುಸ್ತಕ ನೋಡುತ್ತಾರೆ, ಆ ಕೈ, ಬೀಸುತ್ತಿರುವ ಆ ಕೈ, ಒಂದ್ಸಲ ದೋಣಿ ಬಿಡಿ