ದಿಕ್ಸೂಚಿಯ ಪಕ್ಕದ ಗುಂಡುಗಳು

ಹಿಲ್ಯಾಗೆ ಗೊತ್ತಿದ್ದದ್ದು ಅರ್ಧ. ದಿಕ್ಸೂಚಿಯ ಹತ್ತಿರ ಕಬ್ಬಿಣ ಇಡಬಾರದು ಎಂಬುದು ಸುಪೀರಿಯರ್ ಸರೋವರದ ದಡದಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತು, ಮೀನುಗಾರ ಅರ್ವೋನ ಹೆಂಡತಿಗೆ ಗೊತ್ತಿರದೆ ಇರುತ್ತದೆಯೇ? ಹಿಮ ಕರಗಿದ ಮೇಲೆ ಗಂಡನ ಉಕ್ಕಿನ ದೋಣಿಗೆ ಬಣ್ಣ ಬಳಿಯುವಾಗ, ದಿಕ್ಸೂಚಿಯ ಎಡಬಲಕ್ಕೆ ಕೂತಿದ್ದ ಎರಡು ಕಬ್ಬಿಣದ ಗುಂಡುಗಳು ಅವಳ ಕಣ್ಣಿಗೆ ಚುಚ್ಚಿದವು. ಬಿಚ್ಚಿ, ತುಕ್ಕು ಉಜ್ಜಿ, ಹಸಿರು ಬಣ್ಣ ಹಚ್ಚಿದಳು. ತಿರುಗಿ ಕೂರಿಸುವಾಗ ಎರಡನ್ನೂ ಅವು ಕೂರುವ ಪಟ್ಟಿಯ ಹೊರತುದಿಗೆ ಸರಿಸಿದಳು. ದೂರವಿದ್ದಷ್ಟೂ ಒಳ್ಳೆಯದಲ್ಲವೇ! ಗಂಡನಿಗೆ ಹೇಳಲಿಲ್ಲ. ಇಂಥದ್ದನ್ನೆಲ್ಲ ಯಾರು ಹೇಳುತ್ತಾರೆ?

ಮರುದಿನ ಅರ್ವೋ ಒಬ್ಬನೇ ಬಲೆ ಎತ್ತಲು ಹೋದ. ಹೊತ್ತೇರುವಷ್ಟರಲ್ಲಿ ಮಂಜು ಮುಸುಕಿ ನೀರೇ ಕಾಣದಾಯಿತು. ಊರಿನ ದೋಣಿಗಳ ದಿಕ್ಸೂಚಿಗಳನ್ನೆಲ್ಲ ಸರಿಮಾಡುವ ಮುದುಕ ವೈನೋ ಹಿಲ್ಯಾಳ ಮನೆಗೆ ಕಾಫಿಗೆ ಬಂದವನು, ಅರ್ವೋನದನ್ನು ತಾನೇ ಕೂರಿಸಿದ್ದು, ಹೆದರಬೇಡ ಎಂದ. ಅವಳೂ ಹೆಮ್ಮೆಯಿಂದ ಹಸಿರು ಗುಂಡುಗಳ ಕತೆ ಹೇಳಿದಳು. ವೈನೋ ಲೋಟ ಕೆಳಗಿಟ್ಟ.

"ಸರಿಸಿದ್ಯಾ?"

"ಕಬ್ಬಿಣ ಅಲ್ವಾ ಮಾಮ, ದೂರ ಇರ್ಲಿ ಅಂತ."

"ಅಯ್ಯೋ ತಾಯಿ, ದೋಣೀನೇ ಕಬ್ಬಿಣ ಕಣಮ್ಮ. ಭೂಮಿ ಎಳೆಯೋದು ಬಡಪಾಯಿ ಎಳೆತ. ದೋಣಿಯ ಉಕ್ಕು ಅದನ್ನ ಬಗ್ಗಿಸಿಬಿಡತ್ತೆ, ಮುಳ್ಳು ಒಂದು ಕಡೆ ವಾಲತ್ತೆ. ಆ ಗುಂಡುಗಳು ಅದನ್ನ ಅಷ್ಟೇ ಈ ಕಡೆ ಎಳೆದು ಸರಿಮಾಡ್ತಿದ್ವು. ಈಗ ಅವನು ಬಂದರಿಗೆ ಅಂತ ತಿರುಗಿಸಿದ್ರೆ ಪೂರ್ವಕ್ಕೆ ಹೋಗ್ತಾನೆ. ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು."

ಬಂದರಿನ ಬಾಯಿಯ ಪೂರ್ವಕ್ಕೆ ನೀರೊಳಗೆ ಬಂಡೆಸಾಲು. ಹಿಲ್ಯಾಳ ಅಪ್ಪನನ್ನು ನುಂಗಿದ ಬಂಡೆ ಅದೇ.

ಇಬ್ಬರೂ ದೋಣಿ ಕಟ್ಟುವ ಕಟ್ಟೆಗೆ ಓಡಿದರು. ಮಂಜು ಕವಿದಾಗ ಬಡಿಯಲೆಂದು ಅಲ್ಲಿ ರೈಲು ಕಂಬಿಯ ತುಂಡೊಂದು ನೇತಾಡುತ್ತಿತ್ತು. ಹಿಲ್ಯಾ ಸುತ್ತಿಗೆ ಎತ್ತಿ ರೆಟ್ಟೆ ಬೀಳುವಂತೆ ಬಡಿದಳು. ವೈನೋನ ಮುಖ ಮಾತ್ರ ಅರಳಲಿಲ್ಲ. ಪಕ್ಕದೂರಿನ ಕಟ್ಟೆಯಲ್ಲೂ ಇಂಥದೇ ಕಂಬಿಯಿದೆ, ಸದ್ದು ಮುಳ್ಳು ತೋರಿಸಿದ್ದಕ್ಕಿಂತ ಬೇರೆ ದಿಕ್ಕಿನಿಂದ ಬಂದರೆ ಅರ್ವೋ ಅದು ಅವರದ್ದು ಎಂದುಕೊಂಡು ದಿಕ್ಸೂಚಿಯನ್ನೇ ನಂಬುತ್ತಾನೆ ಎಂದ.

ಅವಳು ಸುತ್ತಿಗೆ ನಿಲ್ಲಿಸಿದಳು. ಶನಿವಾರ ಸಂಜೆ ಹಬೆಸ್ನಾನದ ಸೌನಾ ಕಾದಾಗ, ದೋಣಿಯ ಬಳಿ ಇರುವ ಗಂಡನನ್ನು ಕರೆಯಲು ಅವಳು ಬಾಣಲೆ ಬಡಿಯುವ ಒಂದು ಬಗೆಯಿತ್ತು: ಎರಡು ನಿಧಾನ, ಮೂರು ಚುರುಕು. ಅದನ್ನೇ ಬಡಿದಳು. ಅಳುತ್ತ ಬಡಿದಳು, ಅಂಗೈಯಲ್ಲಿ ಬೊಬ್ಬೆ ಬಂದರೂ ಬಿಡಲಿಲ್ಲ.

ಕೊನೆಗೆ ಎಂಜಿನ್ನಿನ ಸದ್ದು ಕೇಳಿಸಿತು, ಬಂಡೆಯ ಕಡೆಯಿಂದಲೇ. ಅದು ಮೆಲ್ಲಗೆ ತಿರುಗಿ ಹತ್ತಿರವಾಯಿತು.

ಅರ್ವೋ ಇಳಿದು ನಗಲು ನೋಡಿದ. "ಬೆಳಗ್ಗೆ ಬೆಳಗ್ಗೆ ಸೌನಾಗೆ ಕರೀತಿದಾಳಲ್ಲ, ಇವಳಿಗೇನಾಯ್ತು ಅನ್ಕೊಂಡೆ. ಇಲ್ದಿದ್ರೆ ಮುಳ್ಳು ತೋರ್ಸಿದ ಕಡೆಗೇ ಹೋಗ್ತಿದ್ದೆ."

"ಗುಂಡು ಸರಿಸಿದ್ದು ನಾನು," ಎಂದಳು ಹಿಲ್ಯಾ.

ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕಾಫಿ ಇದೆಯಾ ಎಂದು ಕೇಳಿದ.

ವೈನೋ ದೋಣಿಯನ್ನು ಎಂಟೂ ದಿಕ್ಕಿಗೆ ತಿರುಗಿಸಿ, ಮುಳ್ಳು ನೋಡಿ ಗುಂಡುಗಳನ್ನು ಮತ್ತೆ ಕೂರಿಸಿಕೊಟ್ಟ. ಮಾರನೆಯ ದಿನ ಹಿಲ್ಯಾ ಬುತ್ತಿ ಕೊಡಲು ಕಟ್ಟೆಗೆ ಹೋದಳು. ಅರ್ವೋ ಹಗ್ಗ ಬಿಚ್ಚುವ ಮೊದಲು ಒಳಗೆ ಬಗ್ಗಿ, ಎರಡು ಗುಂಡುಗಳನ್ನೂ ಕೈಯಿಂದ ಅಲ್ಲಾಡಿಸಿ ನೋಡಿದ. ಆಮೇಲೆ ಅವಳ ಕೈಯಿಂದ ಬುತ್ತಿ ತೆಗೆದುಕೊಂಡ. ಮದುವೆಯಾದಾಗಿನಿಂದ ಅವನು ಹಾಗೆ ಎಂದೂ ಪರೀಕ್ಷಿಸಿರಲಿಲ್ಲ.